ಎರಡೂವರೆ ಅಡಿ ಟೇಪು

ನಮ್ಮಪ್ಪ ಆವಲಪ್ಪ ಒಂದು ಕಾಲದಲ್ಲಿ ತಮಟೆ ಬಡಿಯುತ್ತಿದ್ದ ಎಂಬುದು ನನಗೆ ಗೊತ್ತಿತ್ತು. ಆದರೆ ಆ ಮಾತನ್ನು ಮನೆಯಲ್ಲಿ ಎತ್ತುವ ಹಾಗಿರಲಿಲ್ಲ. ನಾನು ಐದು ವರ್ಷದವಳಿದ್ದಾಗ ಅವನು ತನ್ನ ತಮಟೆಯನ್ನು ಬೆಂಕಿಗೆ ಹಾಕಿದ. ಕಾಯಿಸುವುದಕ್ಕಲ್ಲ, ಸುಡುವುದಕ್ಕೆ. ಚರ್ಮ ಸುಟ್ಟ ವಾಸನೆ ನನಗೆ ನೆನಪಿದೆ, ಬಡಿದ ಸದ್ದು ನೆನಪಿಲ್ಲ. ಆಮೇಲೆ ಅವನು ಹೆಬ್ಬಾಳದ ಕೃಷಿ ಕಾಲೇಜಿನ ತೋಟದಲ್ಲಿ ಕೂಲಿಗೆ ಸೇರಿ, ಕೆಲಸ ಕಾಯಂ ಆಗಿ, ಖಾಕಿ ಅಂಗಿ ತೊಟ್ಟು ಸೈಕಲ್ಲಿನಲ್ಲಿ ಹೋಗಿ ಬರುವ ಮನುಷ್ಯನಾದ. ಬ್ಯಾಟರಾಯನಪುರದ ನಮ್ಮ ಕೇರಿಯಲ್ಲಿ ಯಾರೇ ಸತ್ತರೂ ಅಪ್ಪನನ್ನು ತಮಟೆಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಒಬ್ಬ ಮಾತ್ರ ಬಂದು ಕರೆದಿದ್ದ. ಅಪ್ಪ ಅವನನ್ನು ನೋಡಿದ ನೋಟಕ್ಕೆ ಅವನು ನಮ್ಮ ಬಾಗಿಲಲ್ಲೇ ಚಪ್ಪಲಿ ಮರೆತು ಹೋದ.

ಆ ಕೋಪ ನನಗೂ ಬಂದಿದೆ ಎಂದು ಅಮ್ಮ ಹೇಳುತ್ತಾಳೆ. ಇರಬಹುದು. ನಾನು ಗೋಪಾಲಮ್ಮ. 1986ರಲ್ಲಿ ನನಗೆ ಇಪ್ಪತ್ತು. ಜಾಲಹಳ್ಳಿ ಕಡೆಯ ಒಂದು ರೇಡಿಯೊ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕೆಲಸ. ದಿನಕ್ಕೆ ಇನ್ನೂರು ಬೆಸುಗೆ ಹಾಕಿ, ಒಂದೂ ಸಡಿಲಾಗಿ ಬಿಡದ ಹಾಗೆ ನೋಡಿಕೊಳ್ಳುತ್ತಿದ್ದೆ. ಹಾಗಾಗಿ ನನ್ನ ಬಾಯಿಗೆ ಮೇಲ್ವಿಚಾರಕರೂ ಹೆದರುತ್ತಿದ್ದರು.

ನಾನು ಬೆಸೆದ ರೇಡಿಯೊಗಳನ್ನು ಪರೀಕ್ಷೆ ಮಾಡುತ್ತಿದ್ದವನು ಗದಗಿನ ಕಡೆಯ ನಾಗಲಿಂಗಪ್ಪ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಆರ್.ಟಿ. ನಗರದಲ್ಲಿ ತನ್ನ ಕಾಕಾ ಪಂಚಪ್ಪನವರ ಮನೆಯಲ್ಲಿದ್ದ. ಪಂಚಪ್ಪನವರು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ನಾಗಲಿಂಗಪ್ಪನಿಗೆ ಆ ವರ್ಷ ಬ್ರೇಕ್ ಡ್ಯಾನ್ಸಿನ ಹುಚ್ಚು. ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಹಿಂದೆ ಮೂವರನ್ನು ಸೇರಿಸಿಕೊಂಡು, ಮೈಯಲ್ಲಿ ಮೂಳೆಯೇ ಇಲ್ಲದವರಂತೆ ನುಲಿಯುತ್ತಿದ್ದ. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು ಒಂದು ಕ್ಯಾಸೆಟ್ಟು ಹಾಕಿದ. ಯಾರೋ ಇಂಜಿನಿಯರ ಭಾವ ಅಮೆರಿಕದಿಂದ ತಂದದ್ದಂತೆ. ಅದರಲ್ಲಿ ಹಾಡೇ ಇರಲಿಲ್ಲ. ಒಂದು ಡ್ರಮ್ಮಿನ ತುಂಡು ಮತ್ತೆ ಮತ್ತೆ ಬರುತ್ತಿತ್ತು, ಅದರ ಮೇಲೆ ಯಾರೋ ಜಗಳಕ್ಕೆ ನಿಂತವರ ಹಾಗೆ ಪಟಪಟ ಮಾತಾಡುತ್ತಿದ್ದರು.

"ಇದಕ್ಕ ಹಿಪ್ ಹಾಪ್ ಅಂತಾರ್ರಿ ಗೋಪಾಲಮ್ಮಾರ. ಯಾವುದೋ ಹಳೇ ರೆಕಾರ್ಡಿನಾಗಿಂದ ಡ್ರಮ್ಮಿಂದು ಒಂದ ತುಂಡ ತಗೋತಾರ. ಅದನ್ನ ತಿರುಗಾ ಮುರುಗಾ ಹಾಕ್ತಾರ, ಮ್ಯಾಲೆ ತಾವು ಮಾತಾಡ್ತಾರ."

"ಯಾರೋ ಬಾರಿಸಿದ್ದಕ್ಕೆ ಇವರದ್ದೇನ್ರೀ ಕುಣಿತ? ಕದ್ದ ಮಾಲು ಅನ್ನಿ."

"ಕದ್ದದ್ದಲ್ರಿ. ಬೀರುದಾಗ ಸತ್ತು ಬಿದ್ದದ್ದನ್ನ ಎಬ್ಬಿಸಿ ನಿಲ್ಲಸೋದು."

ನನಗೆ ಅದು ಬುದ್ಧಿವಂತಿಕೆಯ ಮಾತು ಅನ್ನಿಸಲಿಲ್ಲ. ಬಿಸಿ ಕಬ್ಬಿಣ ಕೈಯಲ್ಲಿತ್ತು, ಹೋಗಿ ಕೆಲಸ ನೋಡ್ಕೊಳ್ಳಿ ಎಂದೆ.

ಸೆಪ್ಟೆಂಬರಿನಲ್ಲಿ ಕಾರ್ಖಾನೆಯ ಗಣಪತಿ ಕೂರಿಸಿದರು. ಸಂಜೆ ಕಾರ್ಯಕ್ರಮಕ್ಕೆ ಮನೆಯವರನ್ನೂ ಕರೆತರಬಹುದಿತ್ತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಶಾಮಿಯಾನದ ಕೆಳಗೆ, ಮೂರನೇ ಸಾಲಿನ ಕುರ್ಚಿಯಲ್ಲಿ, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಶಿಸ್ತಾಗಿ ಕೂತ. ನನ್ನ ಮಗಳು ಬೆಸುಗೆ ಹಾಕಿದ ರೇಡಿಯೊ ಇದು ಎಂದು ಪಕ್ಕದವರಿಗೆ ಮೈಕಿನವರ ಪೆಟ್ಟಿಗೆಯನ್ನು ತೋರಿಸಿ ಹೇಳಿದ. ಅದು ರೇಡಿಯೊ ಅಲ್ಲ ಎಂದು ನಾನು ತಿದ್ದಲಿಲ್ಲ.

ಎರಡು ಭಕ್ತಿಗೀತೆ ಆದಮೇಲೆ ನಾಗಲಿಂಗಪ್ಪನ ತಂಡ ಬಂತು. ನಾಲ್ವರ ಕೈಗೂ ಬಿಳಿ ಗ್ಲೌಸು, ಕಾಲಿಗೆ ಕ್ಯಾನ್‌ವಾಸ್ ಬೂಟು. ಕ್ಯಾಸೆಟ್ಟು ತಿರುಗಿತು. ಸ್ಪೀಕರಿನಿಂದ ಬಂದದ್ದು ಡ್ರಮ್ಮಲ್ಲ, ತಮಟೆ.

ಜಣಕ್ಕು ಜಣ, ಜಣಕ್ಕು ಜಣ, ಜಣಕ್ಕು ಜಣ. ಬಡಿತದ ನಾಲ್ಕನೇ ಗತ್ತಿಗೆ ಬಂದಾಗ, ಏಟು ಬೀಳಬೇಕಾದ ಜಾಗದಲ್ಲಿ ಬೀಳಲಿಲ್ಲ. ಒಂದು ಉಸಿರು ಹಿಡಿದಷ್ಟು ಹೊತ್ತು ತಡೆದು, ಆಮೇಲೆ ಬಿತ್ತು. ಮತ್ತೆ ಮೊದಲಿನಿಂದ. ಅದರ ಕೆಳಗೆ ನಾಗಲಿಂಗಪ್ಪ ಕ್ಯಾಸಿಯೊ ಕೀಬೋರ್ಡಿನ ಗುಂಯ್‌ಗುಡುವ ಸ್ವರ ಸೇರಿಸಿದ್ದ. ಹಾಗೆ ತಡೆದು ಬೀಳುವ ಆ ಒಂದು ಏಟಿಗೆ ಇಡೀ ಮೈದಾನವೇ ಕಾದು ಕೂತಿತ್ತು. ಅದು ಬಿದ್ದಾಗಲೆಲ್ಲ ಜನ ಹೋ ಎನ್ನುತ್ತಿದ್ದರು. ಕ್ಯಾಂಟೀನಿನ ಅಡಿಗೆಯವರು ಸೌಟು ಹಿಡಿದೇ ಕುಣಿದರು. ಹೊಟ್ಟೆ ಬಂದ ನಮ್ಮ ಮ್ಯಾನೇಜರರ ಬೂಟು ಕೂಡ ನೆಲ ಕುಟ್ಟುತ್ತಿತ್ತು. ನನಗಂತೂ ಮೈ ಜುಮ್ಮೆಂದಿತು. ಕೇರಿಯಲ್ಲಿ ತಮಟೆ ಕೇಳಿಯೇ ಬೆಳೆದವಳು ನಾನು, ಇಂಥ ಕೈಯನ್ನು ಎಂದೂ ಕೇಳಿರಲಿಲ್ಲ.

ಚಪ್ಪಾಳೆ ಹೊಡೆಯುತ್ತ ಅಪ್ಪನ ಕಡೆ ತಿರುಗಿದೆ. ಅಪ್ಪನ ಮುಖ ಕಲ್ಲಾಗಿತ್ತು, ಬೆರಳುಗಳು ಮಾತ್ರ ಮಂಡಿಯ ಮೇಲೆ ಆಡುತ್ತಿದ್ದವು. ಕೇಳಿ ಹಿಂದಿನಿಂದ ತಾಳ ಹಾಕುವವನ ಬೆರಳಲ್ಲ ಅವು. ಸದ್ದು ಬರುವ ಮೊದಲೇ ಬೀಳುತ್ತಿದ್ದವು. ಎಲ್ಲಿ ತಡೆಯಬೇಕೋ ಅಲ್ಲಿ ತಡೆಯುತ್ತಿದ್ದವು. ಎಷ್ಟು ಹೊತ್ತು ತಡೆಯಬೇಕೋ ಅಷ್ಟೇ ಹೊತ್ತು ತಡೆದು ಬೀಳುತ್ತಿದ್ದವು. ನನ್ನ ಚಪ್ಪಾಳೆ ನಿಂತುಹೋಯಿತು.

"ಅಪ್ಪ, ಇದು..."

"ನನ್ ಕೈ," ಎಂದ. ಎದ್ದು, ಸಾಲಿನಲ್ಲಿ ಕೂತವರ ಕಾಲು ದಾಟಿಕೊಂಡು ಹೊರಗೆ ನಡೆದ. ಪ್ರಸಾದಕ್ಕೂ ನಿಲ್ಲಲಿಲ್ಲ.

ಮಾರನೆಯ ಬೆಳಿಗ್ಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತ, ನನ್ನ ಮುಖ ನೋಡದೆ ಮಾತಾಡಿದ.

"ಆ ಟೇಪ್ನ ಸುಡ್ಬೇಕು. ಓಗಿ ಏಳು ಆ ಉಡುಗಂಗೆ."

"ಯಾಕಪ್ಪ? ಎಷ್ಟು ಜನ ಕುಣಿದ್ರು ನೋಡ್ಲಿಲ್ವಾ?"

"ನಾನ್ ಬಿಟ್ಟಿದ್ದು ಬಿಟ್ಟಿದ್ದೇ. ಬಾ ಅಂದ್ರೆ ಬರಲ್ಲ ಅನ್ನೋ ಅಷ್ಟು ಆಗೋಕೆ ನಂಗೆ ಅದಿನೈದು ವರ್ಸ ಬೇಕಾಯ್ತು. ಈಗ ನನ್ನ ಕೇಳ್ದೆ ನನ್ ಕೈಲಿ ಬಡಿಸ್ತಾನೆ. ಎಷ್ಟ್ ಸಲ ಬೇಕಂದ್ರೆ ಅಷ್ಟ್ ಸಲ ಬಡಿಸ್ತಾನೆ. ನಂಗೆ ಸುಸ್ತು ಅಂತ್ಲೂ ಏಳಂಗಿಲ್ಲ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಈ ಭೂಮಿಯ ಮೇಲೆ ನಮ್ಮಪ್ಪ ಬಡಿದ ತಮಟೆ ಉಳಿದಿರುವುದು ಅದೊಂದೇ ಕಡೆ. ಹಿಂದಿನ ದಿನ ಸಂಜೆಯಷ್ಟೇ ನಾನು ಅದನ್ನು ಮೊದಲ ಸಲ ಕೇಳಿದ್ದೆ. ಅದನ್ನು ಸುಡಿಸಲು ನಾನೇ ಹೋಗಬೇಕಿತ್ತು.

ನಾಗಲಿಂಗಪ್ಪನಿಗೆ ಹೇಳಿದಾಗ ಅವನ ಬಣ್ಣ ಇಳಿಯಿತು. ಯಾರ ತಮಟೆ ಎಂದು ಅವನಿಗೂ ಗೊತ್ತಿರಲಿಲ್ಲ. ಅದು ಅವನ ಕಾಕಾನ ಹಳೆಯ ಸ್ಪೂಲು ಟೇಪಿನಲ್ಲಿತ್ತಂತೆ. ಭಾನುವಾರ ಇಬ್ಬರೂ ಆರ್.ಟಿ. ನಗರಕ್ಕೆ ಹೋದೆವು.

ಪಂಚಪ್ಪನವರು ದೊಡ್ಡ ಕನ್ನಡಕದ ಮನುಷ್ಯ. ಇಡೀ ವಿಷಯ ಕೇಳಿ, ಬೀರು ತೆಗೆದು, ರೊಟ್ಟಿಯಷ್ಟು ಅಗಲದ ಸ್ಪೂಲನ್ನು ಹೊರಗೆ ತೆಗೆದರು. ಯಂತ್ರಕ್ಕೆ ಏರಿಸುವಾಗ ಅವರ ಬೆರಳಿಗೆ ಏನೋ ತಾಗಿತು. ಟೇಪನ್ನು ಬೆಳಕಿಗೆ ಹಿಡಿದರು. ನಡುವೆ ಓರೆಯಾಗಿ ಕೊಯ್ದು ಅಂಟಿಸಿದ ಗುರುತು.

"ಯಾರು ಕೊಯ್ದಾರ ಇದನ್ನ?"

ನಾಗಲಿಂಗಪ್ಪ ನೆಲ ನೋಡಿದ. ಕೊಯ್ದ ರೀತಿಯನ್ನು ಅವನೇ ಹೇಳಿದ. ಎರಡೂವರೆ ಅಡಿ ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಎರಡು ತುದಿಯನ್ನೂ ಸೇರಿಸಿ ಬಳೆ ಮಾಡಿ, ಒಂದು ಕಡೆ ಯಂತ್ರದ ಹೆಡ್ಡಿಗೆ, ಇನ್ನೊಂದು ಕಡೆ ತಾನು ಕೈಯಲ್ಲಿ ಹಿಡಿದ ಪೆನ್ಸಿಲ್ಲಿಗೆ ಸುತ್ತಿಸಿ ಓಡಿಸಿದ್ದಾನೆ. ಪೆನ್ಸಿಲ್ಲು ಅಲುಗಿದರೆ ತಾಳ ಕೆಡುತ್ತದೆ. ಅದಕ್ಕೇ ಆರು ನಿಮಿಷ ಉಸಿರು ಬಿಗಿ ಹಿಡಿದು ನಿಂತು ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದಾನೆ.

"ಇದು ಒಂದೇ ಒಂದು ಪ್ರತಿ ಐತಿ!" ಪಂಚಪ್ಪನವರು ಕೂಗಿದರು. "ಹದಿನೈದು ವರ್ಷ ಕೂಸಿನಂಗ ಜ್ವಾಪಾನ ಮಾಡೀನಿ. ನೀ ಕಳ್ಳನಂಗ ಬ್ಲೇಡ್ ಹಾಕೀಯಲ್ಲೋ!"

"ಬೀರುದಾಗ ಇಟ್ಟರ ಯಾರು ಕೇಳ್ತಾರ ಕಾಕಾ? ಜಿರಳಿ ಕೇಳ್ತಾವು. ನಾ ಐದುನೂರ ಮಂದಿಗೆ ಕೇಳಿಸೇನಿ. ಎದ್ದು ಕುಣದಾರ ಅವರು."

"ಕುಣದಾರ! ಅದು ಹೆಣದ ಮುಂದ ಬಡಿಯೋ ಗತ್ತೋ ಹುಚ್ಚಪ್ಪ. ಸಾವಿನ ಮೆರವಣಿಗೀನ ತುಂಡ ಮಾಡಿ ಗಣಪತಿ ಮುಂದ ಕುಣಿಸೀದಿ ನೀನು."

ನಾಗಲಿಂಗಪ್ಪನಿಗೆ ಅದು ತಿಳಿದಿರಲಿಲ್ಲ. ಅವರ ಊರಿನಲ್ಲಿ ಅವರ ಮಂದಿ ಹೆಣದ ಮುಂದೆ ಭಜನೆ ಹಾಡುತ್ತಾ ಹೋಗುತ್ತಾರಂತೆ. ತಮಟೆಯಲ್ಲಿ ದೇವರಿಗೊಂದು ಗತ್ತು, ಮದುವೆಗೊಂದು, ಸಾವಿಗೊಂದು ಎಂದು ಅವನಿಗೆ ಯಾರು ಹೇಳಬೇಕು? ಹಾಗೆ ನೋಡಿದರೆ ನನಗೂ ಗೊತ್ತಾಗಿರಲಿಲ್ಲ. ಕೀಬೋರ್ಡಿನ ಮೇಲೆ ಕೂರಿಸಿದ ನಾಲ್ಕೇ ಗತ್ತನ್ನು ಕೇಳಿ ನಾನೂ ಚಪ್ಪಾಳೆ ಹೊಡೆದವಳೇ.

ಕಾಕಾ, ನಾಗಲಿಂಗಪ್ಪ ಇಬ್ಬರೂ ಮತ್ತೆ ಶುರು ಮಾಡಿದರು. ಇವರು ಕಳ್ಳತನ ಎನ್ನುವುದು, ಅವನು ಜೀವ ಕೊಟ್ಟೆ ಎನ್ನುವುದು. ನನಗೆ ರೇಗಿತು.

"ಸಾಕು ನಿಲ್ಸಿ ಇಬ್ರೂ. ಸಾರ್, ನೀವು ರೆಕಾರ್ಡ್ ಮಾಡ್ಕೊಂಡಾಗ ನಮ್ಮಪ್ಪನ್ನ ಕೇಳಿದ್ರಾ?"

ಪಂಚಪ್ಪನವರು ಸ್ಪೂಲಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಅದರ ಮೇಲೆ ಅವರದೇ ದುಂಡಗಿನ ಅಕ್ಷರ: ಶವಯಾತ್ರೆಯ ತಮಟೆ, ಬ್ಯಾಟರಾಯನಪುರ, 1971. ಅಷ್ಟೇ. ಯಾರು ಬಡಿದದ್ದು ಎಂದು ಬರೆದಿರಲಿಲ್ಲ.

"ರಸ್ತೆ ಬದಿಗೆ ನಿಂತು ಹಿಡಕೊಂಡೆನವ್ವಾ," ಎಂದರು ತಗ್ಗಿದ ದನಿಯಲ್ಲಿ. "ಹೆಸರು ಕೇಳಬೇಕು ಅಂತ ನನಗ ಹೊಳೀಲೇ ಇಲ್ಲ."

ಕೇಳಿ ಹೋಗು ಎಂದು ಅವರು ಯಂತ್ರ ಹಚ್ಚಿದರು. ಹನ್ನೊಂದು ನಿಮಿಷ. ಅದನ್ನು ಹೇಗೆ ಹೇಳಲಿ? ಮೂರು ತಮಟೆಗಳು ಒಟ್ಟಿಗಿದ್ದವು, ಆದರೆ ಒಂದು ಮುಂದೆ ಹೋಗುತ್ತಿತ್ತು, ಉಳಿದೆರಡು ಅದರ ಹಿಂದೆ ಬರುತ್ತಿದ್ದವು. ಮುಂದಿನದು ಕರೆಯುತ್ತಿತ್ತು, ಬೈಯುತ್ತಿತ್ತು, ಬೇಡಿಕೊಳ್ಳುತ್ತಿತ್ತು. ಎಲ್ಲೋ ಜನ ಗದ್ದಲ ಮಾಡುತ್ತಿದ್ದರು, ಯಾರೋ ಪುರಿ ಎರಚುತ್ತಾ ದೇವರ ಹೆಸರು ಕೂಗಿದರು. ತಮಟೆ ಮಾತ್ರ ಯಾರ ಮುಲಾಜಿಗೂ ನಿಲ್ಲದೆ ನಡೆಯಿತು. ಬೆಳಿಗ್ಗೆ ಎದ್ದು ಸುಮ್ಮನೆ ಮುದ್ದೆ ತಿಂದು ಸೈಕಲ್ ಹತ್ತುವ ನಮ್ಮಪ್ಪನೊಳಗೆ ಇಷ್ಟೆಲ್ಲ ಇತ್ತೇ? ಇಪ್ಪತ್ತು ವರ್ಷ ಅವನ ಜೊತೆ ಒಂದೇ ಸೂರಿನ ಕೆಳಗೆ ಮಲಗಿ ಎದ್ದ ನನಗೆ ಅವನು ಯಾರೆಂದೇ ಗೊತ್ತಿರಲಿಲ್ಲ. ಒಂದು ಕಡೆ ಕೊಯ್ದ ಜಾಗ ಬಂತು, ತಾಳ ಎಡವಿತು, ನನ್ನ ಎದೆಯೂ ಎಡವಿತು. ಟೇಪು ಮುಗಿದು ಅದರ ತುದಿ ಪಟಪಟ ಬಡಿದುಕೊಳ್ಳುವಾಗ ನನ್ನ ಕೆನ್ನೆ ಒದ್ದೆಯಾಗಿತ್ತು. ನಾನು ಸುಲಭಕ್ಕೆ ಅಳುವವಳಲ್ಲ.

ಮನೆಗೆ ಬಂದವಳೇ ಅಪ್ಪನಿಗೆ ಖಂಡಿತವಾಗಿ ಹೇಳಿದೆ.

"ಸುಡೋದಾದ್ರೆ ನೀನೇ ಬಂದು ಸುಡು. ನನ್ನ ಕೈಲಿ ಆಗಲ್ಲ."

ಎರಡು ವಾರ ಅವನು ನನ್ನ ಜೊತೆ ಮಾತು ಬಿಟ್ಟ. ಉಪ್ಪು ಬೇಕಿದ್ದರೂ ಅಮ್ಮನ ಮೂಲಕ ಕೇಳಿಸಿದ. ನಾನೂ ಅವನ ಮಗಳೇ, ನಾನೂ ಬಿಟ್ಟೆ. ಎರಡನೆಯ ಭಾನುವಾರ ಬಿಳಿ ಅಂಗಿ ಹಾಕಿಕೊಂಡು, ಜೇಬಿಗೆ ಬೆಂಕಿಪೊಟ್ಟಣ ಇಟ್ಟುಕೊಂಡು, "ನಡಿ," ಎಂದ.

ಪಂಚಪ್ಪನವರು ಬಾಗಿಲಿಗೆ ಬಂದು ಕೈ ಮುಗಿದರು. ಅಪ್ಪ ಹೊಸ್ತಿಲಾಚೆಯೇ ನಿಂತಿದ್ದ. ಅವರು ಅವನ ಕೈ ಹಿಡಿದು ಒಳಗೆ ಕರೆತಂದು ತಾವು ಕೂರುವ ಕುರ್ಚಿಯಲ್ಲಿ ಕೂರಿಸಿದರು. ನಾಗಲಿಂಗಪ್ಪ ಗೋಡೆಗೆ ಅಂಟಿ ನಿಂತಿದ್ದ.

"ತಪ್ಪಾಗೇತ್ರಿ," ಎಂದ. "ನಿಮ್ಮದು ಅಂತ ಗೊತ್ತಿರಲಿಲ್ಲ. ಸಾವಿನದು ಅಂತನೂ ಗೊತ್ತಿರಲಿಲ್ಲ."

ಪಂಚಪ್ಪನವರು ಸ್ಪೂಲನ್ನು ಎರಡು ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟರು.

"ಇದು ನಿಮ್ಮದು. ಇಟಗೋರಿ, ಸುಡ್ರಿ, ನಿಮ್ಮ ಇಷ್ಟ."

ಅಪ್ಪ ಅದನ್ನು ಅಂಗೈಯಲ್ಲಿ ತೂಗಿ ನೋಡಿದ. "ಇಷ್ಟೇನಾ?" ಎಂದ. ಆಮೇಲೆ "ಒಂದ್ ಸಲ ಕೇಳ್ಸಿ," ಎಂದ.

ತಮಟೆ ಶುರುವಾಯಿತು. ಅಪ್ಪ ಕಣ್ಣು ಮುಚ್ಚಿದ. ಅವನ ಬೆರಳು ಮಂಡಿಯ ಮೇಲೆ ತಾನಾಗಿ ನಡೆಯಿತು. ಕೊಯ್ದ ಜಾಗ ಬಂದಾಗ ಟೇಪು ಹಾರಿ ಮುಂದೆ ಹೋಯಿತು, ಅಪ್ಪನ ಕೈ ಹಾರಲಿಲ್ಲ. ಅದು ನಾಲ್ಕು ಗತ್ತನ್ನೂ ಪೂರ್ತಿ ಬಡಿಯಿತು. ಕಣ್ಣು ಬಿಟ್ಟು ನಾಗಲಿಂಗಪ್ಪನನ್ನು ನೋಡಿದ.

"ಇಲ್ಲಿದ್ದಿದ್ದು ಎಲ್ಲೋಯ್ತು?"

ನಾಗಲಿಂಗಪ್ಪ ಅಂಗಿಯ ಜೇಬಿನಿಂದ ಒಂದು ಲಕೋಟೆ ತೆಗೆದ. ಅದರಲ್ಲಿ ಆ ಟೇಪಿನ ಬಳೆ ಇತ್ತು.

"ನಾಲ್ಕನೇದ್ರಲ್ಲಿ ಕೈ ತಡೀತು, ಗೊತ್ತಾಯ್ತಾ?" ಅಪ್ಪ ಈಗ ನನಗೆ ಹೇಳುತ್ತಿದ್ದ. "ಅದು ಬೇಕಂತ ತಡ್ದಿದ್ದಲ್ಲ ಕಣವ್ವ. ಅಲ್ಲಿ ನಮ್ಮನೆ ಕಾಣ್ತು."

ಆ ಕತೆಯನ್ನು ಅವನು ಅಮ್ಮನ ಹತ್ತಿರವೂ ಪೂರ್ತಿ ಹೇಳಿರಲಿಲ್ಲ. ಅವತ್ತು ಬೆಳಗಿನ ಜಾವ ನಮ್ಮಜ್ಜಿ, ಎಂದರೆ ಅಪ್ಪನ ತಾಯಿ ಮುನಿಗಂಗಮ್ಮ, ತೀರಿಕೊಂಡಿದ್ದಳು. ಅದೇ ಬೆಳಿಗ್ಗೆ ಊರಿನ ದೊಡ್ಡಮನೆಯ ಯಜಮಾನರೂ ಹೋದರು. ದೊಡ್ಡಮನೆಯಿಂದ ಕರೆ ಬಂದರೆ ಮೊದಲು ಅಲ್ಲಿಗೆ ಹೋಗಬೇಕಿತ್ತು. ನಮ್ಮವ್ವ ಸತ್ತವ್ಳೆ ಎಂದು ಅಪ್ಪ ಹೇಳಿದ. ಅವಳೇನು ಎದ್ದು ಓಡಿಹೋಗುತ್ತಾಳಾ, ಬಂದು ಬಡಿ ಎಂದರು. ಕೇರಿಯಲ್ಲಿ ತಮಟೆಯವರಿದ್ದದ್ದೇ ಮೂವರು, ಮೂವರನ್ನೂ ಕರೆದೊಯ್ದರು.

"ಮೆರವಣಿಗೆ ನಮ್ ಕೇರಿ ಮುಂದ್ಲಿಂದ್ಲೇ ಓಯ್ತು. ಮನೆ ಬಾಗ್ಲು ತೆಗ್ದಿತ್ತು. ಒಳಗೆ ನಮ್ಮವ್ವನ ಕಾಲು ಕಾಣ್ತು. ಕೈ ನಿಂತೋಯ್ತು. ಇಂದ್ಗಡೆಯಿಂದ ಯಾರೋ ಬಡಿಯೋ ಲೇ ಅಂದ್ರು. ಬಡ್ದೆ."

ಐನೂರು ಜನ ಹೋ ಎಂದದ್ದು ಆ ಏಟಿಗೆ. ನಾನು ಚಪ್ಪಾಳೆ ಹೊಡೆದದ್ದು ಆ ಏಟಿಗೆ.

"ಅವ್ರ್ ಯಜಮಾನ್ರಿಗೆ ಬಡಿದಿದ್ದು ಅಂತ ಅವ್ರು ತಿಳ್ಕೊಂಡ್ರು. ನಾನ್ ಬಡಿದಿದ್ದು ನಮ್ಮವ್ವಂಗೆ. ಇಡೀ ದಾರಿ ನಮ್ಮವ್ವಂಗೇ ಬಡ್ದೆ."

ಸಂಜೆ ಅಪ್ಪನೊಬ್ಬನನ್ನು ಬಿಟ್ಟರು, ಉಳಿದಿಬ್ಬರನ್ನು ಬಿಡಲಿಲ್ಲ. ನಮ್ಮಲ್ಲಿ ಹೆತ್ತವರ ಮಣ್ಣಿನಲ್ಲಿ ಮಗ ತಮಟೆ ಹಿಡಿಯುವ ಹಾಗಿಲ್ಲ, ಅವನು ಮಗನಾಗಿ ನಡೆಯಬೇಕು. ಹೊತ್ತು ಮುಳುಗುತ್ತಿತ್ತು, ಹೆಣ ಇಟ್ಟುಕೊಂಡು ಕೂರುವ ಹಾಗಿರಲಿಲ್ಲ. ಕೊನೆಗೆ ಅಜ್ಜಿಯನ್ನು ತಮಟೆಯಿಲ್ಲದೆ ಎತ್ತಿದರು. ಕೇರಿಯಲ್ಲಿ ಹಾಗೆ ಹೋದವಳು ಅವಳೊಬ್ಬಳೇ. ಮೂರನೆಯ ದಿನ ಅಪ್ಪ ತಮಟೆ ಸುಟ್ಟ.

ಪಂಚಪ್ಪನವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು. ಅಪ್ಪ ಬೆಂಕಿಪೊಟ್ಟಣವನ್ನು ಜೇಬಿನಿಂದ ತೆಗೆದು ಕೈಯಲ್ಲಿ ತಿರುಗಿಸುತ್ತ ಅವರನ್ನು ಕೇಳಿದ.

"ನೀವು ಓದಿದೋರು, ಒಂದ್ ಮಾತು ಏಳಿ. ಈ ಪೆಟ್ಟಿಗೇಲಿ ಬಡೀತಿರೋದು ನಾನಾ? ಇಲ್ಲಾ ಟೇಪಾ?"

ಪಂಚಪ್ಪನವರು ಕನ್ನಡಕ ಹಾಕಿಕೊಂಡು ಯಂತ್ರದ ಕಡೆ ನೋಡಿದರು. ನಾಗಲಿಂಗಪ್ಪ ಬಾಯಿ ತೆರೆದು ಮುಚ್ಚಿದ. ಟೇಪು ಎಂದರೆ ಅವನು ಅಪ್ಪನಿಂದ ಏನನ್ನೂ ಕದ್ದಿಲ್ಲ ಎಂದಾಗುತ್ತಿತ್ತು. ಅಷ್ಟು ಸುಲಭದ ಮಾತನ್ನು ಅವತ್ತು ಅವನು ಆಡಲಿಲ್ಲ, ಅದಕ್ಕೆ ನನಗೆ ಅವನ ಮೇಲೆ ಗೌರವ ಬಂತು.

"ಕೈ ನಿಂದೇ ಅಪ್ಪ," ಎಂದೆ ನಾನು. "ಆದ್ರೆ ಈಗ ನೋಡು, ನಿನ್ನ ಕೈಲಿ ತಮಟೆ ಇಲ್ಲ. ಮಗನಾಗಿ ನಡೀಬೋದು."

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ಒಂದರಲ್ಲಿ ಬೆಂಕಿಪೊಟ್ಟಣವಿತ್ತು. ಅದನ್ನು ಮೇಜಿನ ಮೇಲಿಟ್ಟ.

"ಬರೋ ಶುಕ್ರವಾರ ಮಾಲಯದ ಅಮಾಸೆ," ಎಂದ. "ಇರೀಕರಿಗೆ ಎಡೆ ಇಡ್ಬೇಕು. ನಮ್ಮವ್ವಂಗೆ ಒಂದ್ ಸಲ ಇದನ್ನ ಪೂರ್ತಿ ಕೇಳ್ಸಿ. ಕೊಯ್ದಿದ್ದು ಸೇರಿಸಿ ಕೇಳ್ಸಿ. ಆಮೇಲೆ ಸುಡೋದೋ ಇಡೋದೋ ನೋಡನ."

ನಾಗಲಿಂಗಪ್ಪ ಬ್ಲೇಡು ತಂದ. ಬಳೆಯನ್ನು ಬಿಡಿಸಿ, ಎರಡೂವರೆ ಅಡಿ ಟೇಪನ್ನು ಅದರ ಜಾಗಕ್ಕೆ ಸೇರಿಸಿದ. ತುದಿಗಳನ್ನು ಹೊಂದಿಸಿ ಅಂಟಿಸುವ ಕೆಲಸ ನಾನೇ ಮಾಡಿದೆ. ನನ್ನ ಕೈಗೆ ಅಭ್ಯಾಸವಿತ್ತು. ಆಮೇಲೆ ಅದನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡೆವು.

ಅಮಾವಾಸ್ಯೆಯ ದಿನ ನಡುಹಗಲು. ನಮ್ಮ ಮನೆಯಿಂದ ಮಣ್ಣಿನ ಜಾಗಕ್ಕೆ ಅರ್ಧ ಮೈಲಿ, ರೈಲು ಹಳಿಯ ಪಕ್ಕದಲ್ಲಿ ಕೊಡಿಗೇಹಳ್ಳಿ ಕಡೆಗೆ ಹೋಗುವ ದಾರಿ. ನಾಗಲಿಂಗಪ್ಪ ಬರಿಗಾಲಿನಲ್ಲಿ ಮುಂದೆ ನಿಂತ. ಅವನ ಎದೆಗೆ ಟೇಪ್ ರೆಕಾರ್ಡರು, ಅದಕ್ಕೆ ಆರು ಹೊಸ ಸೆಲ್ಲು. ಅವನ ಹಿಂದೆ ಅಪ್ಪ, ತಲೆಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯಲ್ಲಿ. ಎಡೆಯ ಮೊರ ನನ್ನ ಕೈಯಲ್ಲಿ, ಅಮ್ಮ ಪಕ್ಕದಲ್ಲಿ, ಎಲ್ಲರಿಗಿಂತ ಹಿಂದೆ ಪಂಚಪ್ಪನವರು. ನಾಗಲಿಂಗಪ್ಪ ಗುಂಡಿ ಒತ್ತಿದ.

ತಮಟೆ ಬಂದದ್ದೇ ಕೇರಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಯಾರು ಸತ್ತರು ಎಂದು ಮುದುಕರು ಹೊರಗೆ ಬಂದರು. ಒಬ್ಬ ಮುದುಕ ಕಿವಿಗೆ ಕೈ ಹಿಡಿದು ನಿಂತು, "ಅಯ್ಯೋ, ಇದು ಆವಲಪ್ಪನ ಕೈ ಅಲ್ವಾ?" ಎಂದ. ಆಮೇಲೆ ಕೈ ಬೀಸಿಕೊಂಡು ನಡೆಯುತ್ತಿರುವ ಆವಲಪ್ಪನನ್ನು ನೋಡಿ ತಬ್ಬಿಬ್ಬಾದ. ಅವನು ಹಿಂದೆ ಸೇರಿಕೊಂಡ. ಇನ್ನೂ ಎಷ್ಟೋ ಜನ ಸೇರಿಕೊಂಡರು. ಐದಾರು ನಿಮಿಷಕ್ಕೆ ಆ ನಾಲ್ಕು ಗತ್ತು ಬಂತು, ನಾಲ್ಕನೆಯದು ತಡೆಯಿತು, ಅಪ್ಪನ ಕಾಲೂ ತಡೆಯಿತು. ಏಟು ಬಿದ್ದ ಮೇಲೆ ಅವನು ಮುಂದೆ ಹೆಜ್ಜೆ ಇಟ್ಟ. ಮನುಷ್ಯ ಒಂದು ಸಲ ಬಡಿದದ್ದು ಹೀಗೆ ಅವನ ಮುಂದೆಯೇ ನಡೆದು ಹೋಗಬಹುದು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಹನ್ನೊಂದು ನಿಮಿಷಕ್ಕೆ ಟೇಪು ಮುಗಿಯಿತು. ದಾರಿ ಮುಗಿದಿರಲಿಲ್ಲ. ಅಜ್ಜಿಯನ್ನು ಮಣ್ಣು ಮಾಡಿದ ಹೊಂಗೆ ಮರ ಇನ್ನೂ ಇನ್ನೂರು ಹೆಜ್ಜೆ ಆಚೆಗಿತ್ತು. ನಾಗಲಿಂಗಪ್ಪ ನಿಂತು ಹಿಂದೆ ತಿರುಗಿದ. ಎಲ್ಲರೂ ನಿಂತೆವು. ಹೆಣ ಎತ್ತಿದ ಮೇಲೆ ತಮಟೆ ದಾರಿಯಲ್ಲಿ ನಿಲ್ಲಬಾರದು.

"ನಿಂದು ಐತಲ್ಲ," ಎಂದ ಅಪ್ಪ.

"ಯಾವುದ್ರಿ?"

"ನಾಲ್ಕು ಗತ್ತಿಂದು. ನೀನ್ ಕೊಯ್ದು ಮಾಡಿದ್ದು. ಅದನ್ನಾಕು."

ಅವನ ಜೇಬಿನಲ್ಲಿ ಆ ಕ್ಯಾಸೆಟ್ಟು ಇತ್ತು. ಗುಂಯ್‌ಗುಡುವ ಕೀಬೋರ್ಡು ಸೇರಿಸುವ ಮೊದಲಿನದು, ಬರೀ ತಮಟೆ. ಹಾಕಿದ. ಜಣಕ್ಕು ಜಣ, ಜಣಕ್ಕು ಜಣ. ಈಗ ಅದು ಮುಗಿಯುವಂಥದ್ದಲ್ಲ. ಪ್ರತಿ ಸಲ ಬಾಗಿಲು ತೆರೆಯಿತು, ಪ್ರತಿ ಸಲ ಅಜ್ಜಿಯ ಕಾಲು ಕಂಡಿತು, ಪ್ರತಿ ಸಲ ಆ ಕೈ ತಡೆದು, ಬಡಿಯಿತು. ಅಪ್ಪ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು, ತನ್ನದೇ ತಮಟೆಯ ಹಿಂದೆ, ದಾರಿ ನೋಡದೆ ನಡೆದ. ಅಮ್ಮ ಅವನ ತೋಳು ಹಿಡಿದುಕೊಂಡಳು. ಹೊಂಗೆ ಮರದವರೆಗೆ ಅವನು ಜೋರಾಗಿ, ಊರಿಗೆಲ್ಲ ಕೇಳುವ ಹಾಗೆ, ಮಗ ಅಳುವ ಹಾಗೆ ಅತ್ತ.

ಮರದ ಕೆಳಗೆ ಎಡೆ ಇಟ್ಟೆವು. ತಮಟೆ ಇನ್ನೂ ಬಡಿಯುತ್ತಿತ್ತು. ಅಪ್ಪ ನೆಲಕ್ಕೆ ಹಣೆ ಹಚ್ಚಿ ಎದ್ದ. ಹಿಡಿ ಮಣ್ಣು ತೆಗೆದು ಆ ಜಾಗದ ಮೇಲೆ ಹಾಕಿದ. ನಾಗಲಿಂಗಪ್ಪನ ಭುಜದ ಮೇಲೆ ಕೈ ಇಟ್ಟ.

"ಸಾಕು ಕಣಪ್ಪ, ನಿಲ್ಸು," ಎಂದ. "ನಮ್ಮವ್ವಂಗೆ ಇವತ್ತು ಮಣ್ಣಾಯ್ತು."